ಕೋಳಿ ನೀರು ಬಿಟ್ಟ ಸೋಮವಾರ

ಮುನಿರಾಬಾದ್ ಕಡೆಯ ಹಳ್ಳಿ ನಮ್ಮದು. ಶೆಡ್ಡಿನ ಹಿಂದಿನ ದಿಬ್ಬ ಹತ್ತಿದರೆ ತುಂಗಭದ್ರಾ ಹಿನ್ನೀರು ಕಾಣುತ್ತದೆ. ದೊಡ್ಡ ಶೆಡ್ಡಿನಲ್ಲಿ 4,000 ತತ್ತಿ ಕೋಳಿ, ಪಕ್ಕದ ಚಿಕ್ಕದರಲ್ಲಿ 1,200 ಬೆಳೆಯುವ ಮರಿ. ಮೊಟ್ಟೆ ಅಂತ ಬರೆಯಬೇಕೇನೋ, ಆದರೆ ನಮ್ಮ ಬಾಯಿಗೆ ತತ್ತಿ ಅಂದರೇನೇ ಸರಿ. ಫೀಡು ಕಲಸುವುದು, ಹೊಸಪೇಟೆ ರೇಟು ನೋಡಿ ತತ್ತಿ ಲೋಡ್ ಮಾಡಿಸುವುದು ನಮ್ಮ ಮನೆಯವರ ಕೆಲಸ. ಲೆಕ್ಕದ ಬುಕ್ಕು ನನ್ನದು.

ಬುಕ್ಕು ಅಂದರೆ ದೊಡ್ಡದೇನಲ್ಲ. ನೂರು ಪುಟದ ನೋಟ್‌ಬುಕ್ಕಿಗೆ ದಾರ ಕಟ್ಟಿ ಶೆಡ್ಡಿನ ಬಾಗಿಲಿನ ಮೊಳೆಗೆ ತೂಗುಹಾಕಿದ್ದೇನೆ. ಫೀಡು, ನೀರು, ತತ್ತಿ, ಒಡೆದ ತತ್ತಿ, ಸತ್ತ ಕೋಳಿ. ಕೊನೆಗೆ 'ವಿಶೇಷ' ಅಂತ ಒಂದು ಕಾಲಂ. ಕರೆಂಟು ಹೋಗಿದ್ದು, ಫೀಡಿನ ಲಾರಿ ಬಂದಿದ್ದು, ಲಸಿಕೆ ಕೊಟ್ಟಿದ್ದು, ಹೆಗ್ಗಣ ಕಂಡಿದ್ದು ಎಲ್ಲ ಅಲ್ಲಿಗೆ. ಐದು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬರೆದಿದ್ದೇನೆ. ಬರೆದದ್ದನ್ನು ತಿರುಗಿ ಓದಿದ್ದು ಮಾತ್ರ ಕಡಿಮೆ.

2025ರ ಮಾರ್ಚ್ 10, ಸೋಮವಾರ. ಆವತ್ತು ನೀರಿನ ಕಾಲಂನಲ್ಲಿ 900 ಅಂತ ನಾನೇ ಬರೆದಿದ್ದೇನೆ. ಹಿಂದಿನ ದಿನ 1,060 ಲೀಟರ್. ಬಿಸಿಲು ಏರುತ್ತಿರುವ ತಿಂಗಳಲ್ಲಿ ಕೋಳಿ ನೀರು ಜಾಸ್ತಿ ಕುಡಿಯಬೇಕು, ಕಡಿಮೆ ಅಲ್ಲ. ಬರೆಯುವಾಗ ಅದು ತಲೆಗೆ ಬರಲಿಲ್ಲ. ಕೋಳಿ ನೀರು ಕುಡಿಯುವ ನಿಪ್ಪಲ್ ಕಟ್ಟಿಕೊಂಡಿರಬೇಕು ಅಂದುಕೊಂಡು ಪೈಪಿನ ಮೇಲೆ ಎರಡು ಸಲ ತಟ್ಟಿ ಮನೆಗೆ ಬಂದೆ. ಆ ದಿನ ಸತ್ತದ್ದು ಒಂದು. ತತ್ತಿ 3,540. ಎಲ್ಲ ಸರಿ ಇತ್ತು ಅಂತಲೇ ಲೆಕ್ಕ.

ಮಂಗಳವಾರ ತತ್ತಿ 3,390ಕ್ಕೆ ಇಳಿಯಿತು. ಟ್ರೇಗೆ ಹಾಕುವಾಗ ಬೆರಳು ಒಳಗೆ ಹೋಗುವಷ್ಟು ತೆಳು ಸಿಪ್ಪೆಯ ತತ್ತಿ ಸಿಕ್ಕವು. ಕೆಲವಕ್ಕೆ ಆಕಾರವೇ ಇಲ್ಲ, ಬದನೆಕಾಯಿ ಹಾಗೆ. ಒಂದನ್ನು ತಟ್ಟೆಗೆ ಒಡೆದು ನೋಡಿದರೆ ಬಿಳಿಭಾಗ ನೀರಾಗಿ ಹರಿಯಿತು. ಸುಣ್ಣದಂಶ ಕಡಿಮೆ ಆಗಿರಬೇಕು ಅಂದರು ಮನೆಯವರು. ಫೀಡಿಗೆ ಚಿಪ್ಪಿನ ಪುಡಿ ಜಾಸ್ತಿ ಹಾಕಿದರು. ಬುಧವಾರ ಬೆಳಿಗ್ಗೆ ನಾಲ್ಕು ಸತ್ತಿದ್ದವು. ಹಿಕ್ಕೆ ಹಸಿರು, ಪಾಲಕ್ ಅರೆದು ಚೆಲ್ಲಿದ ಹಾಗೆ.

ಮಾವನವರು ಬಂದು ನೋಡಿದರು. ಅವರು ಕುರಿ, ಜವಾರಿ ಕೋಳಿ ಸಾಕಿದ ಕಾಲದವರು. ಕೆಳಗೆ ಬಿದ್ದಿದ್ದ ಒಂದು ಕೋಳಿಯನ್ನು ಕಾಲಿನಿಂದಲೇ ಸ್ವಲ್ಪ ಹೊರಳಿಸಿ, "ಕೊಕ್ಕರಿ ಬ್ಯಾನಿ ಇದ್ದಂಗ ಐತಿ" ಅಂದರು. ಕೊಕ್ಕರೆ ರೋಗ ಅಂದರೆ ರಾಣಿಖೇತ್, ಕೋಳಿಗೆ ಬರುವ ವೈರಸ್ ರೋಗ. ನಮ್ಮ ಮನೆಯವರಿಗೆ ಸಿಟ್ಟು ಬಂತು. "ಲಸಿಕಿ ಹಾಕಿಲ್ಲೇನು? ಅದು ಹೆಂಗ ಬರ್ತೈತಿ?" ಇಬ್ಬರೂ ಹೇಳದೆ ಬಿಟ್ಟ ಇನ್ನೊಂದು ಹೆಸರಿತ್ತು. ಆಗಷ್ಟೇ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಖಚಿತವಾಗಿದೆ ಅಂತ ಪೇಪರಿನಲ್ಲಿ ಬಂದಿತ್ತು. ಫೆಬ್ರವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಅದೇ ಸುದ್ದಿ. ಕುರೇಕುಪ್ಪ ಅಂದರೆ ಹೊಸಪೇಟೆ ದಾಟಿ ತೋರಣಗಲ್ಲಿನ ಹತ್ತಿರ, ಇಲ್ಲೇ. ಮೇಲಾಗಿ ನಮ್ಮ ಹಿನ್ನೀರಿಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಊರವರೆಲ್ಲ ಆ ಕಡೆ ಬೊಟ್ಟು ಮಾಡುತ್ತಿದ್ದರು.

ಆ ರಾತ್ರಿ ಹತ್ತು ಗಂಟೆಗೆ ಶೆಡ್ಡಿಗೆ ಹೋಗಿ ಲೈಟು ಆರಿಸಿ ನಿಂತೆ. ಮೊದಲ ಬ್ಯಾಚಿನ ವೇಳೆ ಒಬ್ಬ ಡಾಕ್ಟರು ಹೇಳಿಕೊಟ್ಟಿದ್ದು. ಹಗಲಿನಲ್ಲಿ 4,000 ಕೋಳಿಯ ಗದ್ದಲದಲ್ಲಿ ಕೆಮ್ಮು ಕೇಳುವುದಿಲ್ಲ. ಕತ್ತಲಲ್ಲಿ ಐದು ನಿಮಿಷ ಸುಮ್ನೆ ನಿಂತರೆ ಉಸಿರು ಕೇಳುತ್ತದೆ. ಆವತ್ತು ಕೇಳಿತು. ಬಲಗಡೆಯ ಮೂರನೇ ಸಾಲಿನಿಂದ ಗೊರಗೊರ, ಆಮೇಲೆ ಚಿಕ್ಕ ಸೀನು, ಆಮೇಲೆ ದೂರದ ಮೂಲೆಯಿಂದ ಇನ್ನೊಂದು. ಹುಕ್ಕಾ ಎಳೆದ ಹಾಗಿತ್ತು ಸದ್ದು. ಲೈಟು ಹಾಕಲು ಕೈ ಹೋಗಲಿಲ್ಲ.

ಗುರುವಾರ 19 ಸತ್ತವು. ಒಂದು ಕೋಳಿ ಕುತ್ತಿಗೆ ತಿರುಚಿಕೊಂಡು ಆಕಾಶ ನೋಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿತ್ತು. ಬೆಳಿಗ್ಗೆ ಎಂಟರ ಒಳಗೆ ಮೂರು ಸಲಹೆ ಬಂದವು. ಔಷಧಿ ಮಾರುವ ಹುಡುಗ ಫೋನಿನಲ್ಲೇ ಉಸಿರಾಟದ ರೋಗ ಅಂತ ತೀರ್ಮಾನಿಸಿ, ಐದು ದಿನದ ಆಂಟಿಬಯಾಟಿಕ್ ಕಳಿಸ್ತೀನಿ ಅಂದ. ಗುರುತಿನ ಒಬ್ಬ ವ್ಯಾಪಾರಿ, "ಸುದ್ದಿ ಆಗೂದರಾಗ ಲೋಡ್ ಮಾಡಿಸಿಬಿಡ್ರಿ, ರಾತ್ರಿ ಗಾಡಿ ಕಳಿಸ್ತೀನಿ" ಅಂದರು. ಮೂರನೆಯದು ಮಾವನವರದ್ದು: "ಪಶು ಡಾಕ್ಟರಿಗೆ ಹೇಳ್ರಿ."

ರಾತ್ರಿ ಗಾಡಿಯ ಮಾತು ನಮ್ಮ ಮನೆಯಲ್ಲಿ ಅರ್ಧ ಗಂಟೆ ನಿಂತಿತ್ತು. ಮುಚ್ಚಿಡುವುದಿಲ್ಲ. ಸಾಲವಿದೆ, ಕೋಳಿಗೆ ಆಗ ಇನ್ನೂ 42 ವಾರ, ತತ್ತಿ ಇಡುವ ಕಾಲ ಮುಂದೆ ಬೇಕಾದಷ್ಟಿದೆ. ಹಕ್ಕಿಜ್ವರ ಅಂತಾದರೆ ಸುತ್ತ 1 ಕಿಲೋಮೀಟರ್‌ನಲ್ಲಿ ನಮ್ಮವಷ್ಟೇ ಅಲ್ಲ, ಊರವರ ಜವಾರಿ ಕೋಳಿಯನ್ನೂ ಬಿಡದೆ ಕೊಲ್ಲುತ್ತಾರೆ. 10 ಕಿಲೋಮೀಟರ್‌ವರೆಗೆ ಕಣ್ಗಾವಲು. ನಾಳೆ ಆ ಮನೆಗಳ ಹೆಣ್ಣುಮಕ್ಕಳ ಮುಖ ಹೇಗೆ ನೋಡಲಿ? ಆದರೆ ರಾತ್ರಿ ಗಾಡಿ ಹತ್ತಿದ ಕೋಳಿ ಎಲ್ಲಿಗೆ ಹೋಗುತ್ತದೆ? ಗಂಗಾವತಿಯ ಸಂತೆಗೋ, ಸಿಂಧನೂರಿನ ಯಾವುದೋ ಶೆಡ್ಡಿನ ಪಕ್ಕಕ್ಕೋ. ಅಲ್ಲೂ ನನ್ನಂಥವಳೊಬ್ಬಳು ಬುಕ್ಕು ಬರೆಯುತ್ತಿರುತ್ತಾಳೆ. ಫೋನು ನಾನೇ ತೆಗೆದುಕೊಂಡು ಪಶು ಆಸ್ಪತ್ರೆಗೆ ಮಾಡಿದೆ. ಆಂಟಿಬಯಾಟಿಕ್ ಕೊಡಬೇಡಿ, ಸತ್ತದ್ದನ್ನು ಫ್ರಿಜ್ಜಿನ ಮೇಲಿನ ಖಾನೆಗೆ ಹಾಕಬೇಡಿ, ಯಾವುದನ್ನೂ ಕೊಯ್ಯಬೇಡಿ ಅಂದರು. ಔಷಧಿ ಬಿದ್ದರೆ ಬ್ಯಾಕ್ಟೀರಿಯಾ ಹುಡುಕುವ ಟೆಸ್ಟು ಕೆಡುತ್ತದಂತೆ. ಗಡ್ಡೆ ಕಟ್ಟಿಸಿದರೆ ಅಂಗಾಂಶ ಹಾಳಾಗುತ್ತದಂತೆ. ಐಸಿನಲ್ಲಿಡಬೇಕು, ಐಸ್ ಆಗಿಸಬಾರದು.

ಮಧ್ಯಾಹ್ನ ಡಾಕ್ಟರು ಇಬ್ಬರು ಸಿಬ್ಬಂದಿಯೊಂದಿಗೆ ಬಂದರು. ಗಾಡಿ ಗೇಟಿನ ಹೊರಗೇ ನಿಂತಿತು. ಬಿಳಿ ಉಡುಪು, ಮಾಸ್ಕು, ಕನ್ನಡಕ, ಎರಡು ಜೊತೆ ಗ್ಲೌಸು. ಕೊರೊನಾ ಕಾಲ ನೆನಪಾಯಿತು. ಓಣಿಯ ಹುಡುಗರು ಬೇಲಿಗೆ ಆತುಕೊಂಡು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಅಲ್ಲಿಗೆ ಸುದ್ದಿ ಆಗಿಹೋಯಿತು.

ನಾನು ಡಾಕ್ಟರು ಬಂದ ತಕ್ಷಣ ಒಂದು ಕೋಳಿ ಕೊಯ್ದು ನೋಡಿ ಇಂಥದ್ದು ಅಂತ ಹೇಳಿಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕೊಯ್ಯಲಿಲ್ಲ. ರಾಣಿಖೇತ್ ಇದ್ದರೆ ಗ್ರಂಥಿ ಜಠರದ ಒಳಗೋಡೆಯ ಮೇಲೆ ರಕ್ತದ ಚುಕ್ಕೆ ಕಾಣಬಹುದು, ನಿಜ. ಆದರೆ ಹಕ್ಕಿಜ್ವರದಲ್ಲೂ ಅಂಥದ್ದು ಕಾಣುತ್ತದೆ. ಹಸಿರು ಹಿಕ್ಕೆ, ತತ್ತಿ ಇಳಿತ, ಗೊರಗೊರ, ಇದ್ದಕ್ಕಿದ್ದಂತೆ ಸಾವು ಎಲ್ಲ ಎರಡಕ್ಕೂ ಬರುತ್ತವೆ. ಕಣ್ಣಿಗೆ ಬೇರೆ ಮಾಡಲು ಆಗುವುದಿಲ್ಲ. ಅನುಮಾನ ಇರುವಾಗ ಶೆಡ್ಡಿನಲ್ಲಿ ಹೊಟ್ಟೆ ಬಗೆದರೆ ವೈರಸ್ಸನ್ನು ಅಂಗಳದ ತುಂಬ ಹರಡಿದ ಹಾಗೆ. "ತಿರುಚಿದ ಕುತ್ತಿಗಿ ನೋಡಿ ನನಗ ಒಂದು ಅನಿಸ್ತೈತಿ, ಆದ್ರ ನನಗ ಅನಿಸಿದ್ದು ರಿಪೋರ್ಟ್ ಅಲ್ಲ" ಅಂದರು.

ಬದಲಿಗೆ ಅವರು ಕೇಳಿದ್ದು ನನ್ನ ಬುಕ್ಕು. ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಹತ್ತು ದಿನದ ಪುಟ ತಿರುವಿದರು. ಸೋಮವಾರದ 900ರ ಮೇಲೆ ಬೆರಳಿಟ್ಟು, "ಇಲ್ಲೇ ಶುರು ಆಗೈತಲ್ಲ" ಅಂದರು. ನಾಚಿಕೆ ಆಯಿತು. ಸಾವು ಬರುವ ಎರಡು ದಿನ ಮುಂಚೆಯೇ ಕೋಳಿಗೆ ಜ್ವರ, ಬಾಯಾರಿಕೆ, ಹಸಿವು ಎಲ್ಲ ಏರುಪೇರಾಗಿರುತ್ತವಂತೆ. ದೊಡ್ಡ ಫಾರಮ್ಮುಗಳಲ್ಲಿ ನೀರಿನ ಮೀಟರ್ ನೋಡುವುದು ಅದಕ್ಕೇ.

ಆಮೇಲೆ ಮಾದರಿ ತೆಗೆದರು. ಕೋಳಿಯನ್ನು ಹಿಡಿಯುವ ಕೆಲಸ ನನಗೂ ಬಂತು, ಮಾಸ್ಕು ಗ್ಲೌಸು ಕೊಟ್ಟಿದ್ದರು. ಉದ್ದನೆಯ ಹತ್ತಿ ಕಡ್ಡಿಯನ್ನು ಬಾಯಿ ತೆರೆಸಿ ಶ್ವಾಸನಾಳಕ್ಕೆ ಇಳಿಸಿ ಸುತ್ತುತ್ತಾರೆ. ಇನ್ನೊಂದು ಕಡ್ಡಿ ಹಿಂಭಾಗಕ್ಕೆ, ಅದರಲ್ಲಿ ಹಿಕ್ಕೆ ಹತ್ತಿರಬೇಕು. ಎರಡನ್ನೂ ಗುಲಾಬಿ ಬಣ್ಣದ ದ್ರವ ಇರುವ ಪುಟ್ಟ ಟ್ಯೂಬುಗಳಿಗೆ ಹಾಕಿ ತುದಿ ಮುರಿದು ಮುಚ್ಚುತ್ತಾರೆ. ವೈರಸ್ ದಾರಿಯಲ್ಲಿ ಕೆಡದಂತೆ ಕಾಪಾಡುವ ದ್ರವ ಅದು. ರೆಕ್ಕೆಯ ಒಳಗಡೆ ಪುಕ್ಕ ಸರಿಸಿದರೆ ನೀಲಿ ರಕ್ತನಾಳ ಕಾಣುತ್ತದೆ. ಅಲ್ಲಿಂದ ಸಿರಿಂಜಿನಲ್ಲಿ 2 ಮಿಲಿ ರಕ್ತ. ಟ್ಯೂಬನ್ನು ಓರೆಯಾಗಿ ಇಟ್ಟರೆ ರಕ್ತ ಹೆಪ್ಪುಗಟ್ಟಿ, ಮೇಲೆ ಒಗ್ಗರಣೆ ಎಣ್ಣೆಯಂಥ ಹಳದಿ ನೀರು ನಿಲ್ಲುತ್ತದೆ. ಅದೇ ಸೀರಮ್ಮು. 15 ಕೋಳಿಯಿಂದ ತೆಗೆದರು. ಬರೀ ಸಾಯುತ್ತಿರುವವನ್ನೇ ಆರಿಸಲಿಲ್ಲ. ಚೆನ್ನಾಗಿ ಕಾಣುವವು, ಮಂಕಾಗಿರುವವು, ಬೇರೆ ಬೇರೆ ಸಾಲಿನವು. ಆಗತಾನೆ ಸತ್ತ ಮೂರು ಕೋಳಿಯನ್ನು ಇಡಿಯಾಗಿ ಮೂರು ಚೀಲದೊಳಗೆ ಕಟ್ಟಿ, ಪ್ರತಿ ಚೀಲದ ಹೊರಗೂ ಔಷಧಿ ಸಿಂಪಡಿಸಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸಿನ ನಡುವೆ ಇಟ್ಟರು.

ಫಾರಮ್ಮು ತುಂಬುವಾಗ ಒಂದು ಪ್ರಶ್ನೆಗೆ ನಿಂತೆವು. ಕೊನೆಯ ರಾಣಿಖೇತ್ ಲಸಿಕೆ ಯಾವಾಗ? ಬ್ಯಾಚ್ ನಂಬರ್ ಎಷ್ಟು? ತತ್ತಿ ಕೋಳಿಗೆ ಆರೆಂಟು ವಾರಕ್ಕೊಮ್ಮೆ ಲಾಸೋಟಾ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುತ್ತೇವೆ. ದಿನಾಂಕ ಬುಕ್ಕಿನಲ್ಲಿತ್ತು, ಜನವರಿ 19. ಬಾಟಲಿ ಮಾತ್ರ ಬಿಸಾಕಿದ್ದೆವು, ನಂಬರ್ ಬರೆದಿರಲಿಲ್ಲ. ಅದು ಯಾಕೆ ಬೇಕು ಅಂತ ಕೇಳಿದೆ. ಲಾಸೋಟಾ ಅಂದರೆ ಜೀವಂತ ವೈರಸ್ಸೇ, ಬಲ ಕಡಿಮೆ ಇರುವುದು. ಮೊನ್ನೆ ಮೊನ್ನೆ ಲಸಿಕೆ ಕೊಟ್ಟಿದ್ದರೆ ಪಿಸಿಆರ್ ಟೆಸ್ಟಿನಲ್ಲಿ ರಾಣಿಖೇತ್ ಪಾಸಿಟಿವ್ ಬಂದರೂ ಅದು ಲಸಿಕೆಯದ್ದೇ ಇರಬಹುದು. ಸಿಕ್ಕಿದ್ದು ಸೌಮ್ಯದ್ದೋ ಕೊಲ್ಲುವಂಥದ್ದೋ ಅಂತ ವೈರಸ್ಸಿನ ಒಂದು ಜೀನಿನ ಸಣ್ಣ ತುಂಡು ನೋಡಿ ಬೇರೆ ಮಾಡಬೇಕಾಗುತ್ತದಂತೆ. ಪಾಸಿಟಿವ್ ಅನ್ನುವ ಒಂದು ಪದದಲ್ಲಿ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ಆ ರಾತ್ರಿಯೇ ಇಲಾಖೆಯ ಜೀಪಿನಲ್ಲಿ ಬೆಂಗಳೂರಿಗೆ ಹೊರಟಿತು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೆ. ಅಲ್ಲಿ ಹಕ್ಕಿಜ್ವರದ ಸುಳಿವು ಸಿಕ್ಕರೆ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗುತ್ತದೆ, ಹೌದೋ ಅಲ್ಲವೋ ಅನ್ನುವ ಕೊನೆಯ ಮಾತು ಅಲ್ಲಿಂದಲೇ. ರಿಪೋರ್ಟ್ ಬರುವವರೆಗೆ ಕೋಳಿ, ತತ್ತಿ, ಫೀಡು, ಗೊಬ್ಬರ ಯಾವುದೂ ಗೇಟು ದಾಟುವ ಹಾಗಿಲ್ಲ.

ಆ ಐದು ದಿನದ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ತತ್ತಿ. ಮಾಲು ಹೋಗದಿದ್ದರೂ ಕೋಳಿ ಇಡುವುದು ನಿಲ್ಲಿಸುವುದಿಲ್ಲ. ದಿನಕ್ಕೆ ಎರಡೂವರೆ ಮೂರು ಸಾವಿರ. 30ರ ಟ್ರೇಗಳನ್ನು ಫೀಡಿನ ಕೋಣೆಯಲ್ಲಿ ಜೋಡಿಸಿದೆವು, ಅದು ತುಂಬಿತು. ಪಡಸಾಲೆಯಲ್ಲಿ ಜೋಡಿಸಿದೆವು. ಹೋಳಿ ದಿನ ಊರೆಲ್ಲ ಬಣ್ಣ, ನಮ್ಮ ಮನೆಯ ಮುಂದೆ ಮಾತ್ರ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ. ಆವತ್ತು 46 ಸತ್ತವು. ಆಳುದ್ದ ಗುಂಡಿ ತೋಡಿಸಿ, ಒಂದು ಪದರ ಕೋಳಿ, ಒಂದು ಪದರ ಸುಣ್ಣ. ನಾಯಿ ಕೆದಕದಂತೆ ಮೇಲೆ ಜಾಲಿ ಮುಳ್ಳು. ಬಣ್ಣ ಮೆತ್ತಿದ ಕೈಯಲ್ಲೇ ಆಶಾ ಕಾರ್ಯಕರ್ತೆ ಥರ್ಮಾಮೀಟರ್ ಹಿಡಿದು ಬಂದರು. ಜ್ವರ, ಕೆಮ್ಮು, ಕಣ್ಣುರಿ ಇದೆಯಾ ಅಂತ ಮನೆಮಂದಿಯನ್ನೆಲ್ಲ ಕೇಳಿ ಬರೆದುಕೊಂಡರು. ಕೋಳಿಗೆ ಬುಕ್ಕು ಬರೆಯುವವಳು ನಾನು, ನನಗೂ ಒಂದು ಬುಕ್ಕು ಬಂತು ಅಂತ ನಗು ಬಂತು.

ಪಕ್ಕದ ಓಣಿಯ ಅಜ್ಜಿಯೊಬ್ಬಳು ಬೇಲಿಯ ಆಚೆ ನಿಂತು, "ನನ್ನ ಏಳು ಕೋಳಿ ಸತ್ರ ಕೊಡ್ತೀಯೇನು?" ಅಂತ ಕೂಗಿದಳು. ಬೈಗುಳ ಬರಲಿ ಅಂತ ಕಾದಿದ್ದೆ, ಆದರೆ ಅವಳ ಗಂಟಲು ಕಟ್ಟಿತ್ತು. ಏಳು ಕೋಳಿ ಅವಳ ಸಂತೆಯ ದುಡ್ಡು. ಶಾಲೆಯ ಹೆಡ್‌ಮಾಸ್ತರರು ಫೋನ್ ಮಾಡಿದರು. ಬಿಸಿಯೂಟಕ್ಕೆ ಹಿಂದಿನ ವಾರ ನಮ್ಮಿಂದಲೇ ತತ್ತಿ ಹೋಗಿತ್ತು. ಡಾಕ್ಟರು ಹೇಳಿದ್ದನ್ನೇ ಹೇಳಿದೆ: 70 ಡಿಗ್ರಿಗಿಂತ ಜಾಸ್ತಿ ಶಾಖದಲ್ಲಿ ಸರಿಯಾಗಿ ಬೆಂದರೆ ವೈರಸ್ ಉಳಿಯುವುದಿಲ್ಲ, ಅಲ್ಲಿ ಬೇಯಿಸಿಯೇ ಕೊಡುತ್ತಾರೆ. ಅವರು ಹೂಂ ಅಂದರು. ಮುಂದಿನ ವಾರ ಬೇರೆ ಕಡೆಯಿಂದ ತರಿಸಿಕೊಂಡರು. ತಪ್ಪು ಅನ್ನಲಾರೆ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

18ನೇ ತಾರೀಖು ಮಂಗಳವಾರ ಸಂಜೆ ಫೋನು ಬಂತು. "ಹಕ್ಕಿಜ್ವರ ನೆಗೆಟಿವ್ ಅವ್ವಾ." ನಮ್ಮ ಮನೆಯವರು ಅಲ್ಲೇ ಟ್ರೇಗಳ ನಡುವೆ ಕುಸಿದು ಕೂತರು. ಡಾಕ್ಟರ ಮಾತು ಇನ್ನೂ ಮುಗಿದಿರಲಿಲ್ಲ. "ರಾಣಿಖೇತ್ ಪಾಸಿಟಿವ್. ಲಸಿಕಿದಲ್ಲ, ಜೋರಿಂದು."

ಮಾವನವರು ಏನೂ ಅನ್ನಲಿಲ್ಲ. ಎಲೆ ಅಡಿಕೆ ಹಾಕಿಕೊಂಡರು, ಅಷ್ಟೇ.

ರಾಣಿಖೇತ್ ಅಂದರೆ ಉತ್ತರಾಖಂಡದ ಒಂದು ಗುಡ್ಡದ ಊರಿನ ಹೆಸರು. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಂಡ ರೋಗ ಆಮೇಲೆ ಸ್ವಲ್ಪ ಸಮಯದಲ್ಲೇ ಅಲ್ಲಿ ಕಂಡಿತ್ತು, ಆ ಹೆಸರೇ ನಿಂತಿತು. ಅದಕ್ಕೆ ಔಷಧಿ ಇಲ್ಲ. ಆದರೆ ಸುತ್ತಲಿನ ಕೋಳಿ ಕೊಲ್ಲಬೇಕಾಗಿಲ್ಲ, ಅಜ್ಜಿಯ ಏಳೂ ಉಳಿದವು. ಮರುದಿನವೇ ಚಿಕ್ಕ ಶೆಡ್ಡಿನ 1,200 ಮರಿಗಳಿಗೆ ಒಂದೊಂದನ್ನೇ ಹಿಡಿದು ಕಣ್ಣಿಗೆ ಲಸಿಕೆಯ ಹನಿ ಹಾಕಿದೆವು. ಅವು ಪೂರ್ತಿ ಬಚಾವಾದವು. ದೊಡ್ಡ ಶೆಡ್ಡಿನಲ್ಲಿ ಸಾವು ನಿಲ್ಲುವಷ್ಟರಲ್ಲಿ 612 ಹೋಗಿದ್ದವು. ಪಡಸಾಲೆಯ ತತ್ತಿ ಸಿಕ್ಕ ರೇಟಿಗೆ ಹೋಯಿತು.

ಯಾಕೆ ಬಂತು ಅನ್ನುವ ಪ್ರಶ್ನೆ ಉಳಿಯಿತು. ನಮ್ಮ ಮನೆಯವರು ಲಸಿಕೆಯೇ ಡೂಪ್ಲಿಕೇಟ್ ಅನ್ನುತ್ತಿದ್ದರು. ಊರವರು ಇನ್ನೂ ಹೆಬ್ಬಾತನ್ನು ಬಿಟ್ಟಿರಲಿಲ್ಲ. ಸೀರಮ್ಮಿನ ರಿಪೋರ್ಟ್ ಬಂದಾಗ ಡಾಕ್ಟರು ನಮ್ಮ ಬುಕ್ಕಿನ ಹಿಂದಿನ ಹಾಳೆಯಲ್ಲೇ ಚಿತ್ರ ಬರೆದು ತಿಳಿಸಿದರು. ರಾಣಿಖೇತ್ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕೋಳಿಯ ಸೀರಮ್ಮಿನಲ್ಲಿ ಲಸಿಕೆಯಿಂದ ಬಂದ ರಕ್ಷಣೆ ಇದ್ದರೆ ಅಂಟಲು ಬಿಡುವುದಿಲ್ಲ. ಸೀರಮ್ಮನ್ನು ಪುಟ್ಟ ಗುಳಿಗಳಲ್ಲಿ ಅರ್ಧ, ಅರ್ಧದ ಅರ್ಧ ಅಂತ ತೆಳು ಮಾಡುತ್ತಾ ಹೋಗುತ್ತಾರೆ. ಎಷ್ಟನೇ ಗುಳಿಯವರೆಗೆ ತಡೆಯಿತೋ ಅದು ಆ ಕೋಳಿಯ ಅಂಕಿ. ನಮ್ಮ 15ರಲ್ಲಿ ಆರು ಕೋಳಿಯದ್ದು 2, 3. ನಾಲ್ಕರದ್ದು 8, 9. ಉಳಿದವು ನಡುವೆ.

"ಮ್ಯಾಲಿನ ಅಂಕಿ ನಂಬಬ್ಯಾಡ್ರಿ, ಅದು ಈಗಿನ ರೋಗದಿಂದಾನೂ ಏರಿರಬಹುದು. ಕೆಳಗಿಂದು ನೋಡ್ರಿ. ಈ ಆರಕ್ಕ ಲಸಿಕಿ ಮುಟ್ಟೇ ಇಲ್ಲ ಅನಸ್ತೈತಿ. ಎಲ್ಲಾಕೂ ಮುಟ್ಟಿದ್ರ ಅಂಕಿ ಹತ್ರ ಹತ್ರ ಇರ್ತಿದ್ವು."

ಆಮೇಲೆ ಲಸಿಕೆ ಹೇಗೆ ಕೊಟ್ಟಿರಿ ಅಂತ ಒಂದೊಂದೇ ಕೇಳಿದರು. ಐಸ್ ಡಬ್ಬಿಯಲ್ಲಿ ತಂದಿರಾ? ಹೌದು. ಮುಂಚೆ ಒಂದೆರಡು ಗಂಟೆ ನೀರು ನಿಲ್ಲಿಸಿ ಬಾಯಾರಿಸಿದಿರಾ? ಹೌದು. ನೀರಿಗೆ ಹಾಲಿನ ಪುಡಿ? ಹಾಕಿದ್ದೆವು, ಆದರೆ ಅಳತೆ ಮಾಡಿ ಅಲ್ಲ, ಕೈಯಂದಾಜಿನಲ್ಲಿ. ಎರಡು ಗಂಟೆಯೊಳಗೆ ಕುಡಿದು ಮುಗಿಸಿದವಾ? ಮುಗಿಸಿದವು. ಕೇಳುತ್ತಾ ಕೇಳುತ್ತಾ ಬುಕ್ಕಿನ ಪುಟ ಹಿಂದಕ್ಕೆ ತಿರುವುತ್ತಿದ್ದರು. ಜನವರಿಯಲ್ಲಿ ನಿಂತರು. ಬುಕ್ಕನ್ನು ನನ್ನ ಕಡೆ ತಿರುಗಿಸಿದರು.

ವಿಶೇಷ ಕಾಲಂ. ನನ್ನದೇ ಅಕ್ಷರ. 'ಜ. 18: ಟ್ಯಾಂಕ್ ತೊಳೆದು ಬ್ಲೀಚಿಂಗ್ ಹಾಕಿದೆ.' ಕೆಳಗೆ, 'ಜ. 19: ಲಾಸೋಟಾ ಕೊಟ್ಟೆವು.'

ಜೀವಂತ ಲಸಿಕೆಗೆ ಕ್ಲೋರಿನ್ ವಿಷ. ಕೊಡುವ ಎರಡು ದಿನ ಮೊದಲೇ ಬ್ಲೀಚಿಂಗ್ ನಿಲ್ಲಿಸಬೇಕು. ಹಾಲಿನ ಪುಡಿ ಹಾಕುವುದೇ ಉಳಿದ ಚೂರು ಕ್ಲೋರಿನ್ನನ್ನು ಕಟ್ಟಿಹಾಕಲು. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಆ ವಾರ ನೊಣದ ಕಾಟಕ್ಕೆ ಟ್ಯಾಂಕು ತೊಳೆದಿದ್ದೆ, ಮರುದಿನ ಭಾನುವಾರ ಆಳು ಸಿಗುತ್ತಾರೆ ಅಂತ ಲಸಿಕೆ ಇಟ್ಟುಕೊಂಡೆವು. ಎರಡೂ ಒಳ್ಳೆಯ ಕೆಲಸವೇ. ಎರಡನ್ನೂ ನಾನೇ ಚೆನ್ನಾಗಿ ಬರೆದಿಟ್ಟಿದ್ದೆ.

"ಇದೊಂದೇ ಕಾರಣ ಅಂತ ಹೇಳಾಕ ಬರೂದಿಲ್ಲ" ಅಂತ ಡಾಕ್ಟರು ಎರಡು ಸಲ ಹೇಳಿದರು. ನನಗೋಸ್ಕರ ಹೇಳಿದರು ಅನಿಸುತ್ತದೆ. ನಮ್ಮ ಮನೆಯವರು ಪುಟ ನೋಡಿದರು, ನನ್ನ ಮುಖ ನೋಡಿದರು, ಎದ್ದು ಫೀಡು ಕಲಸಲು ಹೋದರು. ಡೂಪ್ಲಿಕೇಟ್ ಲಸಿಕೆಯ ಮಾತು ಆವತ್ತಿಗೆ ನಿಂತಿತು. ರಾತ್ರಿ ಊಟಕ್ಕೆ ಕೂತಾಗ ಮಾವನವರೇ, "ನೀ ಬರೀಲಿಲ್ಲಂದ್ರ ಈಗೂ ಆ ಬಾತುಗಳಿಗೆ ಬೈತಿದ್ವಿ" ಅಂದರು. ಅದು ಸಮಾಧಾನವೋ ಚುಚ್ಚುಮಾತೋ ಇವತ್ತಿಗೂ ಕೇಳಿಲ್ಲ.

ಯುಗಾದಿ ಕಳೆದ ಮೇಲೆ ಎರಡನೇ ಸಲ ರಕ್ತ ತೆಗೆದು ಕಳಿಸಿದರು. ಮೊದಲು 2, 3 ಇದ್ದ ಸಾಲಿನಲ್ಲಿ ಬದುಕಿದ ಕೋಳಿಗಳ ಅಂಕಿ ಈಗ 9, 10. ರೋಗ ದಾಟಿ ಬಂದವು ಅಂತ ಅದರ ಅರ್ಥ. ತತ್ತಿ 2,700ರ ಮೇಲೆ ಏರಲೇ ಇಲ್ಲ, ಸಿಪ್ಪೆ ಕೆಲವಕ್ಕೆ ಈಗಲೂ ಒರಟು.

ಬುಕ್ಕಿಗೆ ಈಗ ಎರಡು ಕಾಲಂ ಜಾಸ್ತಿ ಆಗಿವೆ. ಒಂದು, ನೀರು ನಿನ್ನೆಗಿಂತ ಎಷ್ಟು ಹೆಚ್ಚು ಕಡಿಮೆ. ಇನ್ನೊಂದು, ರಾತ್ರಿಯ ಸದ್ದು. ಲಸಿಕೆಯ ಬಾಟಲಿಯ ಚೀಟಿ ಕಿತ್ತು ಅದೇ ಪುಟಕ್ಕೆ ಅಂಟಿಸುತ್ತೇನೆ. ಟ್ಯಾಂಕಿನ ಮುಚ್ಚಳದ ಮೇಲೆ ನಮ್ಮ ಮನೆಯವರು ಪೇಂಟಿನಲ್ಲಿ, 'ಬುಕ್ಕು ನೋಡಿ ಬ್ಲೀಚಿಂಗ್ ಹಾಕು' ಅಂತ ಬರೆದಿದ್ದಾರೆ. ಹಾಕು ಅಂತ, ಹಾಕಿ ಅಂತ ಅಲ್ಲ. ಯಾರಿಗೆ ಬರೆದದ್ದು ಅಂತ ಗೊತ್ತಲ್ವಾ. ಮೊನ್ನೆ ರಾತ್ರಿ ಲೈಟು ಆರಿಸಿ ನಿಂತಾಗ ಎಡಮೂಲೆಯಿಂದ ಒಂದು ಸೀನು ಕೇಳಿತು. ಇನ್ನೊಂದು ಬರುತ್ತದಾ ಅಂತ ಇಪ್ಪತ್ತು ನಿಮಿಷ ನಿಂತೆ. ಬರಲಿಲ್ಲ. 'ಒಂದು ಸೀನು, ಎಡ ಸಾಲು' ಅಂತ ಬರೆದು ಬಾಗಿಲು ಹಾಕಿಕೊಂಡು ಬಂದೆ.